ಕರೆಯದೆ ಹೋಗಬಹುದೇ? ಶಾಂತಿಪಾಲನಾ ಪಡೆಯ ಬೆನ್ನಿಗಿರುವ ಉದಾರವಾದ

ದಾವಣಗೆರೆಯ ಯಾವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದರೂ ಉದಾರವಾದ ಒಂದು ಪತ್ರಿಕೆಯಲ್ಲಿ ಬರುತ್ತದೆ, ವಿಶ್ವಸಂಸ್ಥೆ ಇನ್ನೊಂದರಲ್ಲಿ. ಮೊದಲನೆಯದರಲ್ಲಿ ಲಾಕ್, ಕಾಂಟ್, ಮಿಲ್ ಎಂಬ ಯುರೋಪಿನ ತತ್ವಜ್ಞಾನಿಗಳು ಇರುತ್ತಾರೆ. ಎರಡನೆಯದರಲ್ಲಿ ಮಹಾಸಭೆ, ಭದ್ರತಾ ಮಂಡಳಿ, ಶಾಂತಿಪಾಲನಾ ಪಡೆ. ಗೈಡುಗಳೂ ಬೇರೆ, ಪರೀಕ್ಷೆಯ ದಿನವೂ ಬೇರೆ. ಹಾಗಾಗಿ ಜಗಳೂರಿನಿಂದಲೋ ಹೊಳಲ್ಕೆರೆಯಿಂದಲೋ ಬೆಳಗಿನ ಬಸ್ಸು ಹಿಡಿದು ಬರುವ ನಮ್ಮ ವಿದ್ಯಾರ್ಥಿಗಳು ಶಾಂತಿಪಾಲನೆಯ ಮೂರು ಸೂತ್ರಗಳನ್ನು ಗಿಣಿಪಾಠದಂತೆ ಒಪ್ಪಿಸುತ್ತಾರೆ: ಜಗಳವಾಡುತ್ತಿರುವವರ ಒಪ್ಪಿಗೆ ಇರಬೇಕು, ಯಾರ ಪಕ್ಷವನ್ನೂ ವಹಿಸಬಾರದು, ಆತ್ಮರಕ್ಷಣೆಗಲ್ಲದೆ ಬಲ ಪ್ರಯೋಗಿಸಬಾರದು. ಇವು ಎಲ್ಲಿಂದ ಬಂದವು ಎಂದು ಕೇಳಿದರೆ, "ವಿಶ್ವಸಂಸ್ಥೆಯ ಸನ್ನದಿನಿಂದ, ಸಾರ್" ಎನ್ನುತ್ತಾರೆ. ಸನ್ನದನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದರೂ ಶಾಂತಿಪಾಲನೆ ಎಂಬ ಮಾತು ಸಿಗುವುದಿಲ್ಲ. ಈ ಸೂತ್ರಗಳ ಬೇರು ಇರುವುದು ಆ ಮೊದಲನೆಯ, ಉದಾರವಾದದ ಪತ್ರಿಕೆಯಲ್ಲಿ.

ಉದಾರವಾದದ ಹೊಟ್ಟೆಯಲ್ಲಿ ಒಂದಕ್ಕೊಂದು ಒಗ್ಗದ ಎರಡು ಮಾತುಗಳಿವೆ. ಒಪ್ಪಿಗೆಯಿಲ್ಲದೆ ಯಾರ ಮೇಲೂ ಅಧಿಕಾರ ಚಲಾಯಿಸಬಾರದು, ಅವರವರ ವ್ಯವಹಾರ ಅವರವರಿಗೆ ಬಿಟ್ಟದ್ದು ಎನ್ನುವುದು ಒಂದು. ಹುಟ್ಟಿದ ಪ್ರತಿಯೊಬ್ಬ ಮನುಷ್ಯನಿಗೂ ಹಕ್ಕುಗಳಿವೆ, ಅವನ್ನು ಯಾವ ದೊರೆಯೂ ಕಿತ್ತುಕೊಳ್ಳಲಾರ ಎನ್ನುವುದು ಇನ್ನೊಂದು. ಒಂದು ದೇಶದೊಳಗೆ ಸಂವಿಧಾನ, ನ್ಯಾಯಾಲಯ, ಚುನಾವಣೆಗಳು ಇವೆರಡನ್ನೂ ಹೇಗೋ ಜೊತೆಯಲ್ಲಿ ಬಾಳಿಸುತ್ತವೆ. ದೇಶದೇಶಗಳ ನಡುವೆ ಬಂದ ಕೂಡಲೇ ಎರಡೂ ಕಚ್ಚಾಡತೊಡಗುತ್ತವೆ. ಪಕ್ಕದ ದೇಶದ ಸರಕಾರ ತನ್ನದೇ ಜನರನ್ನು ಕೊಲ್ಲುತ್ತಿದ್ದರೆ ಅದರ ಒಪ್ಪಿಗೆಗಾಗಿ ಕಾಯಬೇಕೇ, ನುಗ್ಗಬೇಕೇ? ಶಾಂತಿಪಾಲನಾ ಪಡೆಗಳ ಇಡೀ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಸುತ್ತ ಓದಬಹುದು ಎಂಬುದು ನನ್ನ ವಾದ.

ಹಳೆಯ ಕಥೆಯಿಂದ ಆರಂಭಿಸುವುದಾದರೆ ಮಾಯಕೊಂಡಕ್ಕೆ ಹೋಗಬೇಕು. ದಾವಣಗೆರೆಯಿಂದ ಬೆಂಗಳೂರಿನ ಕಡೆಗೆ ರೈಲಿನಲ್ಲಿ ಹೋಗುವಾಗ ಸಿಗುವ ಊರು. 1748ರ ಸುಮಾರಿನಲ್ಲಿ ಇಲ್ಲಿ ಚಿತ್ರದುರ್ಗದ ಸೈನ್ಯಕ್ಕೂ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಕೂಟಕ್ಕೂ ಯುದ್ಧ ನಡೆದು ದುರ್ಗದ ಹಿರೇಮದಕರಿನಾಯಕ ರಣರಂಗದಲ್ಲೇ ಮಡಿದ. ಆ ಕಾಲದ ಪಾಳೆಯಗಾರರು ಒಪ್ಪಂದ ಮಾಡಿಕೊಳ್ಳುತ್ತಿದ್ದರು, ಹೆಣ್ಣು ಕೊಟ್ಟು ತರುತ್ತಿದ್ದರು, ಕಪ್ಪಕಾಣಿಕೆ ಕಳುಹಿಸುತ್ತಿದ್ದರು. ಮರುವರ್ಷ ಅದೇ ಬೀಗರ ಮೇಲೆ ದಂಡೆತ್ತಿ ಹೋಗುತ್ತಿದ್ದರು. ಅವರೇನು ನಮಗಿಂತ ಕೆಟ್ಟವರಲ್ಲ. ಮಾತು ತಪ್ಪಿದವನನ್ನು ಕೇಳುವ ಮೇಲಿನವರು ಯಾರೂ ಇರಲಿಲ್ಲ, ಅಷ್ಟೆ. ಬಲಿಷ್ಠನಾದ ನೆರೆಯವನು ಇವತ್ತು ಸುಮ್ಮನಿದ್ದಾನೆ ಎಂದರೆ ನಾಳೆಯೂ ಸುಮ್ಮನಿರುತ್ತಾನೆ ಎಂದು ನಂಬಲು ಆಧಾರವಿಲ್ಲ. ಆದ್ದರಿಂದ ಅವನಿಗಿಂತ ಮೊದಲು ನಾನೇ ಹೊಡೆಯುವುದು ಲೇಸು. ಏಳು ಸುತ್ತಿನ ಕೋಟೆ ಕಟ್ಟಿಸಿದ್ದು ಈ ಲೆಕ್ಕಾಚಾರವೇ.

ತತ್ವಶಾಸ್ತ್ರಜ್ಞರು ಇದನ್ನು ನಿಸರ್ಗಾವಸ್ಥೆ ಎನ್ನುತ್ತಾರೆ. ಮನುಷ್ಯರು ಒಪ್ಪಂದ ಮಾಡಿಕೊಂಡು ಸರಕಾರ ಕಟ್ಟಿಕೊಂಡು ಅದರಿಂದ ಹೊರಬಂದರು ಎಂಬುದು ಹಾಬ್ಸ್ ಮತ್ತು ಲಾಕ್ ಇಬ್ಬರ ನಿರೂಪಣೆ. ಆದರೆ ಲಾಕ್ ಒಂದು ಕಡೆ ಥಟ್ಟನೆ ಒಂದು ಮಾತು ಹೇಳಿಬಿಡುತ್ತಾನೆ: ನಿಸರ್ಗಾವಸ್ಥೆಯಲ್ಲಿರುವ ಜನ ಎಲ್ಲಿದ್ದಾರೆ ಎಂದು ಕೇಳುವವರು ಲೋಕದ ದೊರೆಗಳನ್ನು ನೋಡಲಿ, ಅವರೆಲ್ಲ ಒಬ್ಬರಿಗೊಬ್ಬರು ಅದೇ ಅವಸ್ಥೆಯಲ್ಲಿದ್ದಾರೆ. ಅಂದರೆ ನಾವು ಪ್ರಜೆಗಳು ಹೊರಬಂದೆವು, ನಮ್ಮ ಸರಕಾರಗಳು ಮಾತ್ರ ಇನ್ನೂ ಮಾಯಕೊಂಡದ ಬಯಲಿನಲ್ಲೇ ನಿಂತಿವೆ.

ಇದಕ್ಕೆ ಒಂದು ಸುಲಭ ಪರಿಹಾರವಿದೆ. ಒಬ್ಬ ದೊಡ್ಡವನು ಬಂದು ಎಲ್ಲರನ್ನೂ ನುಂಗುವುದು. ದುರ್ಗಕ್ಕೆ ಆದದ್ದೂ ಅದೇ. 1779ರಲ್ಲಿ ಹೈದರಾಲಿ ಕೋಟೆ ಗೆದ್ದ, ಕೊನೆಯ ಮದಕರಿನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾದ, ಸುತ್ತಲಿನ ಪಾಳೆಯಗಾರರ ಕಾದಾಟ ಮುಗಿಯಿತು. ಇದಾಗಿ ಹದಿನಾರು ವರ್ಷಕ್ಕೆ, 1795ರಲ್ಲಿ, ಪ್ರಷ್ಯಾದ ಕೋನಿಗ್ಸ್‌ಬರ್ಗಿನಲ್ಲಿ ಕುಳಿತು ಇಮ್ಯಾನುಯೆಲ್ ಕಾಂಟ್ ಶಾಶ್ವತ ಶಾಂತಿಯ ಬಗ್ಗೆ ಒಂದು ಕಿರುಹೊತ್ತಗೆ ಬರೆದ. ಈ ಬಗೆಯ ಶಾಂತಿ ತನಗೆ ಬೇಡ ಎಂದು ಅವನು ಖಡಾಖಂಡಿತವಾಗಿ ಹೇಳುತ್ತಾನೆ. ಹೊತ್ತಗೆಯ ಆರಂಭದಲ್ಲೇ ಒಂದು ಕುಹಕವಿದೆ: ಡಚ್ ವಸತಿಗೃಹವೊಂದರ ಫಲಕದಲ್ಲಿ ಸ್ಮಶಾನದ ಚಿತ್ರ ಬರೆದು ಕೆಳಗೆ 'ಶಾಶ್ವತ ಶಾಂತಿ' ಎಂದು ಹಾಕಿದ್ದರಂತೆ. ಎಲ್ಲವನ್ನೂ ನುಂಗಿದ ಸಾಮ್ರಾಜ್ಯ ಕೊಡುವ ಶಾಂತಿ ಈ ಬಗೆಯದು ಎಂಬುದು ಅವನ ಅಭಿಪ್ರಾಯ.

ಹಾಗಾದರೆ ಬೇರೇನು? ಕಾಂಟ್ ಮೂರು ಷರತ್ತು ಹಾಕುತ್ತಾನೆ. ಪ್ರತಿ ದೇಶದಲ್ಲೂ ಪ್ರಜೆಗಳ ಒಪ್ಪಿಗೆಯಿಂದ ನಡೆಯುವ ಆಡಳಿತ ಇರಬೇಕು. ಅಂಥ ಸ್ವತಂತ್ರ ದೇಶಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಳ್ಳಬೇಕು, ಆದರೆ ಅದು ಒಂದೇ ಸರಕಾರವಾಗಬಾರದು. ಪರದೇಶದಿಂದ ಬಂದವನನ್ನು ಶತ್ರುವೆಂದು ನೋಡದಿರುವ ಸೌಜನ್ಯ ಎಲ್ಲೆಡೆ ಇರಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಅವನು ಕೊಡುವ ಕಾರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದೆ ಅದು ನಮಗೆ ಮತ್ತೆ ಬೇಕಾಗುತ್ತದೆ. ಯುದ್ಧ ಬೇಕೇ ಬೇಡವೇ ಎಂದು ಪ್ರಜೆಗಳನ್ನೇ ಕೇಳಿದರೆ ಅವರು ಹಿಂದೆಮುಂದೆ ನೋಡುತ್ತಾರೆ. ಹೋರಾಡಬೇಕಾದವರು ಅವರೇ, ತೆರಿಗೆ ಕಟ್ಟಬೇಕಾದವರು ಅವರೇ, ಹಾಳಾದ ಹೊಲಮನೆ ಸರಿಮಾಡಿಕೊಂಡು ಸಾಲ ತೀರಿಸಬೇಕಾದವರೂ ಅವರೇ. ದೊರೆಗಾದರೋ ಯುದ್ಧದಿಂದ ಬೇಟೆಯೂ ತಪ್ಪುವುದಿಲ್ಲ, ಔತಣವೂ ತಪ್ಪುವುದಿಲ್ಲ. ನೋವು ಉಣ್ಣುವವರು ತೀರ್ಮಾನಿಸಬೇಕು ಎಂಬುದು ಈ ವಾದದ ತಿರುಳು. ಇದೇ ಹೊತ್ತಗೆಯಲ್ಲಿ ಇನ್ನೊಂದು ಕಟ್ಟಳೆಯೂ ಇದೆ: ಯಾವ ದೇಶವೂ ಇನ್ನೊಂದು ದೇಶದ ಆಡಳಿತದಲ್ಲಿ ಬಲವಂತದಿಂದ ಕೈಹಾಕಬಾರದು. ವ್ಯಾಪಾರದ ನೆಪದಲ್ಲಿ ಹಿಂದೂಸ್ಥಾನಕ್ಕೆ ಸೈನ್ಯ ತಂದು ಅಲ್ಲಿನವರನ್ನು ಹಿಂಸಿಸಿದ ಯುರೋಪಿಯನ್ನರನ್ನು ಅವನು ಹೆಸರು ಹಿಡಿದೇ ಬೈಯುತ್ತಾನೆ.

ಅರವತ್ನಾಲ್ಕು ವರ್ಷಗಳ ಅನಂತರ ಬಂದ ಜಾನ್ ಸ್ಟುವರ್ಟ್ ಮಿಲ್ ಅಷ್ಟು ಧಾರಾಳಿಯಲ್ಲ. 1859ರಲ್ಲಿ ಅವನು ಪರದೇಶದ ವಿಷಯದಲ್ಲಿ ಕೈಹಾಕಬಾರದು ಎಂದೇ ಬರೆದ. ಸ್ವಾತಂತ್ರ್ಯವನ್ನು ಜನ ತಾವೇ ಹೋರಾಡಿ ಪಡೆಯಬೇಕು, ಹೊರಗಿನವರು ತಂದುಕೊಟ್ಟದ್ದು ನಿಲ್ಲುವುದಿಲ್ಲ ಎಂದ. ಒಳ್ಳೆಯ ಮಾತು. ಆದರೆ ಇದು ನಾಗರಿಕ ದೇಶಗಳಿಗೆ ಮಾತ್ರ ಅನ್ವಯ, ಅನಾಗರಿಕರ ವಿಷಯ ಬೇರೆ ಎಂದು ಬಾಲಂಗೋಚಿ ಸೇರಿಸಿದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ: ಅದಕ್ಕೆ ಹಿಂದಿನ ಮೂವತ್ತೈದು ವರ್ಷ ಅವನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ.

ಈ ಕಳಂಕ ಮೊದಲ ಮಹಾಯುದ್ಧದ ಅನಂತರ ಹುಟ್ಟಿದ, ವಿಶ್ವಸಂಸ್ಥೆಗೆ ಹಿಂದಿನ ರಾಷ್ಟ್ರಸಂಘಕ್ಕೂ ಹತ್ತಿತು. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ 1918ರ ಜನವರಿಯಲ್ಲಿ ಹದಿನಾಲ್ಕು ಅಂಶಗಳನ್ನು ಸಾರಿದಾಗ ಕಾಂಟ್‌ನ ಒಕ್ಕೂಟಕ್ಕೆ ಕಾಲ ಕೂಡಿಬಂತು ಎಂದು ಅನೇಕರಿಗೆ ಅನ್ನಿಸಿತ್ತು. 1919ರಲ್ಲಿ ಸಂಘದ ಒಡಂಬಡಿಕೆಗೆ ಜನಾಂಗ ಸಮಾನತೆಯ ಒಂದು ಸಾಲು ಸೇರಿಸಿ ಎಂದು ಜಪಾನ್ ಕೇಳಿದಾಗ, ಬಹುಮತವಿದ್ದರೂ, ಸಭೆಯ ಅಧ್ಯಕ್ಷತೆ ವಹಿಸಿದ್ದ ಅದೇ ವಿಲ್ಸನ್ ಒಮ್ಮತವಿಲ್ಲವೆಂದು ಅದನ್ನು ತಳ್ಳಿಹಾಕಿದರು. ಕೊನೆಗೆ ಅಮೆರಿಕವೇ ಸಂಘಕ್ಕೆ ಸೇರಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತ ಮಾತ್ರ ಸದಸ್ಯವಾಗಿತ್ತು. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ಬಿದ್ದಾಗ ಸಂಘ ಕೈಚೆಲ್ಲಿತು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಅದೇ ವರ್ಷದ ಆರಂಭದಲ್ಲಿ ಅದು ಮಾಡಿದ ಒಂದು ಒಳ್ಳೆಯ ಕೆಲಸ ಯಾರಿಗೂ ನೆನಪಿಲ್ಲ. ಜರ್ಮನಿ ಮತ್ತು ಫ್ರಾನ್ಸ್ ನಡುವಿನ ಸಾರ್ ಪ್ರದೇಶ ಯಾರಿಗೆ ಸೇರಬೇಕೆಂದು ಜನಮತ ಕೇಳಿದಾಗ ಬ್ರಿಟನ್, ಇಟಲಿ, ಸ್ವೀಡನ್, ನೆದರ್‌ಲೆಂಡ್ಸ್‌ನ ಸುಮಾರು 3,300 ಸೈನಿಕರು ಅಲ್ಲಿ ಕಾವಲಿದ್ದರು. ಎರಡೂ ದೇಶಗಳು ಒಪ್ಪಿದ್ದವು, ಮತದಾನ ಶಾಂತಿಯಿಂದ ನಡೆಯಿತು. ಮುಂದಿನ ಶಾಂತಿಪಾಲನೆಯ ಮೊಳಕೆ ಇದು.

1945ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನಕ್ಕೆ ಬಂದರೆ ನಮ್ಮ ನೆಲದ ಕೊಂಡಿಯೊಂದು ಸಿಗುತ್ತದೆ. ಭಾರತದ ನಿಯೋಗದ ಮುಂದಾಳಾಗಿ ಸನ್ನದಿಗೆ ಸಹಿ ಹಾಕಿದವರು ಎ. ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಮೈಸೂರಿನ ದಿವಾನರೂ ಆದರು. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು, ಚಿತ್ರದುರ್ಗ ಮೈಸೂರು ಸಂಸ್ಥಾನದ ಒಂದು ಜಿಲ್ಲೆ. ದೇಶಗಳ ಸಮಾನತೆಯನ್ನು ಸಾರುವ ದಾಖಲೆಗೆ ಸಹಿ ಹಾಕಿ ಬಂದ ದಿವಾನರನ್ನೇ 1947ರಲ್ಲಿ ಜವಾಬ್ದಾರಿ ಸರಕಾರಕ್ಕಾಗಿ 'ಮೈಸೂರು ಚಲೋ' ನಡೆಸಿದ ಜನ ಎದುರಿಸಬೇಕಾಯಿತು. ಒಪ್ಪಿಗೆಯ ತತ್ವ ಅಂತರರಾಷ್ಟ್ರೀಯ ವೇದಿಕೆಯಲ್ಲಿ ಸಲೀಸಾಗಿ ನಡೆಯುತ್ತದೆ, ಮನೆಯಲ್ಲಿ ಜಾರಿಗೆ ತರುವುದು ಕಷ್ಟ.

ಸನ್ನದಿನಲ್ಲಿ ಉದಾರವಾದದ ಎರಡೂ ಮಾತುಗಳು ಒಂದೇ ಸೂರಿನಡಿ ಕುಳಿತಿವೆ. ಎರಡನೆಯ ವಿಧಿ, ದೇಶಗಳ ಆಂತರಿಕ ವಿಷಯದಲ್ಲಿ ತಲೆಹಾಕುವಂತಿಲ್ಲ ಎನ್ನುತ್ತದೆ. ಪೀಠಿಕೆ ಮತ್ತು ಮೊದಲ ವಿಧಿ ಮಾನವ ಹಕ್ಕುಗಳನ್ನು ಎತ್ತಿಹಿಡಿಯುತ್ತವೆ. ಇವುಗಳ ಮೇಲೆ ಭದ್ರತಾ ಮಂಡಳಿಯ ಯಾವ ತೀರ್ಮಾನವನ್ನೂ ತಡೆಯಬಲ್ಲ ಐದು ದೇಶಗಳ ವಿಟೋ, ಇದಕ್ಕೂ ಉದಾರವಾದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. 43ನೆಯ ವಿಧಿಯಂತೆ ಸದಸ್ಯ ದೇಶಗಳು ಭದ್ರತಾ ಮಂಡಳಿಗೆ ಕಾಯಂ ಆಗಿ ಸೈನ್ಯ ಒದಗಿಸುವ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಶೀತಲ ಸಮರ ಶುರುವಾಯಿತು, ಒಪ್ಪಂದ ಆಗಲೇ ಇಲ್ಲ. ಕೈಯಲ್ಲಿ ಸೈನ್ಯವಿಲ್ಲದ ಸಂಸ್ಥೆ ಒಪ್ಪಿಗೆಯನ್ನೇ ಬಂಡವಾಳ ಮಾಡಿಕೊಳ್ಳಬೇಕಾಯಿತು.

ಒಪ್ಪಿಗೆ ಎಂದರೇನು ಎಂಬ ಪ್ರಶ್ನೆ ಎಷ್ಟು ಗೋಜಲಿನದು ಎಂಬುದು ಕೊಡಗಿನ ಸೇನಾನಿ ಕೆ.ಎಸ್. ತಿಮ್ಮಯ್ಯನವರಿಗೆ ಗೊತ್ತಾದಷ್ಟು ಬೇರೆ ಯಾರಿಗೂ ಗೊತ್ತಾಗಿರಲಾರದು. 1953ರ ಜುಲೈಯಲ್ಲಿ ಕೊರಿಯಾ ಕದನ ವಿರಾಮವಾದಾಗ ವಿಶ್ವಸಂಸ್ಥೆಯ ಕಡೆಯ ಸೈನ್ಯದ ವಶದಲ್ಲಿದ್ದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಾವು ಊರಿಗೆ ಮರಳುವುದಿಲ್ಲ ಎಂದಿದ್ದರು. ಯುದ್ಧ ಮುಗಿದ ಮೇಲೆ ಕೈದಿಗಳನ್ನು ತಡಮಾಡದೆ ಸ್ವದೇಶಕ್ಕೆ ಕಳುಹಿಸಬೇಕು ಎಂಬುದು 1949ರ ಜಿನೀವಾ ಒಪ್ಪಂದದ ನಿಯಮ. ಅದನ್ನು ಬರೆದವರು, ಮರಳಲು ಇಷ್ಟವಿಲ್ಲದ ಕೈದಿಯೂ ಇರಬಹುದು ಎಂದು ಎಣಿಸಿದಂತಿಲ್ಲ. ಕೈದಿ ಯಾರ ಸೊತ್ತು? ಅವನ ದೇಶದ್ದೋ, ಅವನದೇ ಸ್ವಂತದ್ದೋ? ಈ ವಿಷಯದ ಮೇಲೆಯೇ ಕದನ ವಿರಾಮದ ಮಾತುಕತೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಎಳೆದಾಡಿತ್ತು.

ಕೊನೆಗೆ ಐದು ತಟಸ್ಥ ದೇಶಗಳ ಆಯೋಗವೊಂದನ್ನು ನೇಮಿಸಿದರು. ಅಧ್ಯಕ್ಷರು ತಿಮ್ಮಯ್ಯ, ಕೈದಿಗಳ ಕಾವಲಿಗೆ ಮೇಜರ್ ಜನರಲ್ ಥೋರಾಟ್ ಅವರ ಕೈಕೆಳಗೆ ಭಾರತದ ಸುಮಾರು ಆರು ಸಾವಿರ ಸೈನಿಕರು. ಸೇನಾರಹಿತ ವಲಯದಲ್ಲಿ ಡೇರೆಗಳನ್ನು ಹಾಕಲಾಯಿತು. ಕೈದಿಯೊಬ್ಬನನ್ನು ಡೇರೆಯೊಳಗೆ ಕರೆತರುವುದು; ಅವನ ದೇಶದ ಅಧಿಕಾರಿಗಳು ಎದುರು ಕುಳಿತು "ಮನೆಗೆ ಬಾ, ನಿನಗೇನೂ ಮಾಡುವುದಿಲ್ಲ" ಎಂದು ವಿವರಿಸುವುದು; ಆಯೋಗದವರು ಸಾಕ್ಷಿಯಾಗಿರುವುದು. ಡೇರೆಗೆ ಹೊರಹೋಗುವ ಬಾಗಿಲು ಎರಡು. ಒಂದರಿಂದ ಹೊರಟರೆ ಊರಿಗೆ, ಇನ್ನೊಂದರಿಂದ ಹೊರಟರೆ ಮತ್ತೆ ಶಿಬಿರಕ್ಕೆ. ಉದಾರವಾದಿ ತತ್ವವೊಂದು ಇಷ್ಟು ಮುಟ್ಟಿ ನೋಡಬಹುದಾದ ರೂಪ ತಾಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ: ಒಬ್ಬ ಮನುಷ್ಯ, ಎರಡು ಬಾಗಿಲು, ತೀರ್ಮಾನ ಅವನದು.

ನಡೆದದ್ದೇ ಬೇರೆ. ಶಿಬಿರಗಳೊಳಗೆ ಕೈದಿಗಳ ಕಟ್ಟುನಿಟ್ಟಾದ ಗುಂಪುಗಳಿದ್ದವು. ಊರಿಗೆ ಹೋಗಬೇಕು ಎಂದು ಬಾಯಿಬಿಟ್ಟವರಿಗೆ ಅಲ್ಲಿ ಜೀವಭಯವಿತ್ತು. ಹೆಚ್ಚಿನವರು ಡೇರೆಯ ಹತ್ತಿರವೇ ಬರಲಿಲ್ಲ. ಬಲವಂತದಿಂದ ಎಳೆತಂದರೆ ರಕ್ತಪಾತ. ಎಳೆತರದಿದ್ದರೆ ಆಯ್ಕೆ ಎಂಬುದು ಬರೀ ಹೆಸರಿಗೆ. ತಿಮ್ಮಯ್ಯ ಎಳೆತರಲಿಲ್ಲ. ತೊಂಬತ್ತು ದಿನಗಳ ಗಡುವು ಮುಗಿಯಿತು, ಬಹುಪಾಲು ಕೈದಿಗಳನ್ನು 1954ರ ಜನವರಿಯಲ್ಲಿ ವಿಶ್ವಸಂಸ್ಥೆಯ ಕಡೆಯ ಸೈನ್ಯಕ್ಕೇ ಹಿಂತಿರುಗಿಸಿದರು. ಅವರು ತೈವಾನಿಗೂ ದಕ್ಷಿಣ ಕೊರಿಯಾಕ್ಕೂ ಹೋದರು. ಎರಡೂ ಬಣ ಬೇಡವೆಂದ ತೊಂಬತ್ತಕ್ಕೂ ಕಡಿಮೆ ಮಂದಿ ಭಾರತದ ಸೈನಿಕರೊಂದಿಗೆ ಹಡಗು ಹತ್ತಿ ಇಲ್ಲಿಗೆ ಬಂದರು. ಒಪ್ಪಿಗೆಗೆ ಬೆಲೆ ಬರಬೇಕಾದರೆ ಅದನ್ನು ಹೇಳುವವನು ನಿರ್ಭಯನಾಗಿರಬೇಕು. ನಿರ್ಭಯ ಸ್ಥಿತಿ ತರಬೇಕಾದರೆ ಯಾರಾದರೂ ಬಲ ಪ್ರಯೋಗಿಸಬೇಕು. ಮುಂದಿನ ಎಲ್ಲ ಕಾರ್ಯಾಚರಣೆಗಳೂ ಈ ಗಂಟಿನಲ್ಲಿ ಸಿಕ್ಕಿಕೊಂಡಿವೆ.

ಈಗ ನಾವು ಕರೆಯುವ ಅರ್ಥದ ಮೊದಲ ಸಶಸ್ತ್ರ ಶಾಂತಿಪಾಲನಾ ಪಡೆ ಹುಟ್ಟಿದ್ದು 1956ರ ನವೆಂಬರಿನಲ್ಲಿ, ಸೂಯೆಜ್ ಬಿಕ್ಕಟ್ಟಿನಲ್ಲಿ. ಈಜಿಪ್ಟಿನ ಮೇಲೆ ಇಸ್ರೇಲ್, ಬ್ರಿಟನ್, ಫ್ರಾನ್ಸ್ ದಾಳಿ ಮಾಡಿದ್ದವು. ಬ್ರಿಟನ್ ಮತ್ತು ಫ್ರಾನ್ಸ್ ಭದ್ರತಾ ಮಂಡಳಿಯಲ್ಲಿ ವಿಟೋ ಹಾಕಿದ್ದರಿಂದ ವಿಷಯ ಮಹಾಸಭೆಗೆ ಹೋಯಿತು. ಕೆನಡಾದ ಲೆಸ್ಟರ್ ಪಿಯರ್ಸನ್ ಸೂಚಿಸಿದರು, ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಕೆಲವೇ ದಿನಗಳಲ್ಲಿ ಪಡೆ ಕಟ್ಟಿದರು. ಯಾವ ಕಡೆಯ ಸೈನಿಕರು ಎಂದು ದೂರದಿಂದಲೇ ತಿಳಿಯಲೆಂದು ಇದ್ದ ಹೆಲ್ಮೆಟ್ಟುಗಳಿಗೇ ನೀಲಿ ಬಣ್ಣ ಬಳಿದರು. ಭಾರತವೂ ಸೈನಿಕರನ್ನು ಕಳುಹಿಸಿತು. ಮೂರು ಸೂತ್ರಗಳು ರೂಪುಗೊಂಡದ್ದು ಈ ಗಡಿಬಿಡಿಯಲ್ಲಿ.

ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೆ ಇವನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಬೇಸಿಗೆಯ ಬೆಳೆಗೆ ಸರದಿಯಂತೆ ನೀರು ಬಿಡುವಾಗ ಮೇಲಿನವರು ತೂಬು ಎತ್ತುತ್ತಾರೆ, ಪಂಪ್‌ಸೆಟ್ ಇಡುತ್ತಾರೆ, ಕೆಳಗಿನವರಿಗೆ ಬರೀ ಕೆಸರು. ಆಗ ತೂಬಿನ ಬಳಿ ನೀರಿನ ಕಾವಲಿನ ಸೌಡಿಯೊಬ್ಬ ನಿಲ್ಲುತ್ತಾನೆ. ಸರದಿಯನ್ನು ಅವನು ನಿಗದಿಮಾಡಿಲ್ಲ. ನೀರು ಯಾರಿಗೆ ಹೆಚ್ಚು ಸೇರಬೇಕು ಎಂದು ತೀರ್ಮಾನಿಸುವ ಹಕ್ಕೂ ಅವನಿಗಿಲ್ಲ. ಎರಡೂ ಊರಿನವರು ಒಪ್ಪಿದ ಸರದಿ ನಡೆಯುತ್ತಿದೆಯೇ ಎಂದು ನೋಡುವುದಷ್ಟೇ ಅವನ ಕೆಲಸ. ಇಡೀ ಊರೇ ಗುದ್ದಲಿ ಹಿಡಿದು ಬಂದರೆ ಅವನು ತಡೆಯಲಾರ, ತಡೆಯಲಿ ಎಂದು ಯಾರೂ ನಿರೀಕ್ಷಿಸುವುದೂ ಇಲ್ಲ. ಆದರೂ ಅವನಿದ್ದರೆ ರಾತ್ರಿ ಕಳ್ಳತನದಿಂದ ತೂಬು ಎತ್ತುವವರು ಕಡಿಮೆ, "ನೀವೇ ಮೊದಲು ಎತ್ತಿದ್ದು" ಎಂಬ ಅನುಮಾನದ ಜಗಳವೂ ಕಡಿಮೆ. ಶಾಂತಿಪಾಲಕನ ಬಲ ಇರುವುದು ಇಲ್ಲಿಯೇ.

ಸೂಯೆಜ್ ಪಡೆಯನ್ನು ಇಸ್ರೇಲ್ ತನ್ನ ನೆಲದಲ್ಲಿ ಬಿಟ್ಟುಕೊಳ್ಳಲಿಲ್ಲ, ಹಾಗಾಗಿ ಅದು ಗಡಿಯ ಈಜಿಪ್ಟಿನ ಕಡೆಗೆ ಮಾತ್ರ ನಿಂತಿತ್ತು. 1967ರ ಮೇ ತಿಂಗಳಲ್ಲಿ ಈಜಿಪ್ಟಿನ ನಾಸೆರ್ ಹೊರಡಿ ಎಂದರು. ಒಪ್ಪಿಗೆ ಹೋದ ಮೇಲೆ ನಿಲ್ಲುವುದು ಹೇಗೆ? ಮಹಾಕಾರ್ಯದರ್ಶಿ ಊ ಥಾಂಟ್ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡರು. ಪೂರ್ತಿ ಹೊರಡುವಷ್ಟರಲ್ಲೇ ಜೂನ್ 5ರಂದು ಯುದ್ಧ ಆರಂಭವಾಗಿ ಗಾಜಾದಲ್ಲಿ ಭಾರತದ ಸೈನಿಕರೂ ಸತ್ತರು. ಊ ಥಾಂಟ್ ಅವರನ್ನು ಹೇಡಿ ಎಂದವರು ಬಹಳ. ನನಗೆ ಹಾಗನ್ನಿಸುವುದಿಲ್ಲ, ಬಾ ಎಂದವನ ಮನೆಯಲ್ಲಿ, ಹೋಗು ಎಂದ ಮೇಲೂ ಬಂದೂಕು ಹಿಡಿದು ನಿಂತರೆ ಅದಕ್ಕೆ ಆಕ್ರಮಣವೆಂದೇ ಹೆಸರು.

ಕಾಂಗೋ ಈ ಸರಳ ಲೆಕ್ಕವನ್ನು ಮೊದಲೇ ಕೆಡಿಸಿತ್ತು. 1960ರಲ್ಲಿ ಸ್ವತಂತ್ರವಾದ ದೇಶ ವಾರಗಳಲ್ಲೇ ಒಡೆದುಹೋದಾಗ ಒಪ್ಪಿಗೆ ಯಾರಿಂದ ಪಡೆಯಬೇಕು ಎಂಬುದೇ ತಿಳಿಯದಾಯಿತು. ಪಡೆ ಸುಮಾರು 20,000ಕ್ಕೆ ಬೆಳೆದು ಕಟಾಂಗಾದ ಬಂಡುಕೋರರೊಂದಿಗೆ ನೇರ ಯುದ್ಧವನ್ನೇ ಮಾಡಿತು. 1961ರ ಡಿಸೆಂಬರ್ 5ರಂದು ಅಲ್ಲಿ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು. ಅದೇ ಸೆಪ್ಟೆಂಬರಿನಲ್ಲಿ ಹ್ಯಾಮರ್‌ಶೋಲ್ಡ್ ವಿಮಾನ ಉರುಳಿ ಸತ್ತಿದ್ದರು. ತಿಮ್ಮಯ್ಯನವರು ಸೈಪ್ರಸ್ ಪಡೆಯ ದಂಡನಾಯಕರಾಗಿ ಹೋಗಿ 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. 1964ರಲ್ಲಿ ಮೂರು ತಿಂಗಳಿಗೆಂದು ಹೋದ ಆ ಪಡೆ ಇವತ್ತಿಗೂ ಸೈಪ್ರಸ್ಸಿನಲ್ಲಿದೆ. ಹಾವೂ ಸಾಯದೆ ಕೋಲೂ ಮುರಿಯದೆ ಅರವತ್ತು ವರ್ಷ!

ಶೀತಲ ಸಮರ ಮುಗಿದಾಗ ಉದಾರವಾದದ ಎರಡನೆಯ ಮಾತು, ಅಂದರೆ ಹಕ್ಕುಗಳ ಮಾತು, ಮುಂದೆ ಬಂತು. 1983ರಲ್ಲಿ ಅಮೆರಿಕದ ವಿದ್ವಾಂಸ ಮೈಕೆಲ್ ಡಾಯ್ಲ್ ಎಂಬವರು ಕಾಂಟ್‌ನನ್ನು ಕಪಾಟಿನಿಂದ ಇಳಿಸಿ ಧೂಳು ಕೊಡವಿ, ಉದಾರ ಪ್ರಜಾಪ್ರಭುತ್ವಗಳು ತಮ್ಮತಮ್ಮೊಳಗೆ ಯುದ್ಧ ಮಾಡಿದ್ದು ಇಲ್ಲವೆನ್ನುವಷ್ಟು ಅಪರೂಪ ಎಂದು ವಾದಿಸಿದ್ದರು. ಪ್ರಜಾಪ್ರಭುತ್ವವಲ್ಲದ ದೇಶಗಳ ಮೇಲೆ ಅವು ಬೇಕಾದಷ್ಟು ಯುದ್ಧ ಮಾಡಿವೆ ಎಂದೂ ಅದೇ ಲೇಖನದಲ್ಲಿತ್ತು. ಅದನ್ನು ಕೇಳಿಸಿಕೊಂಡವರು ಕಡಿಮೆ. ಡಾಯ್ಲ್ ಮುಂದೆ ಕೋಫಿ ಅನ್ನಾನ್ ಅವರ ಕಾಲದಲ್ಲಿ ವಿಶ್ವಸಂಸ್ಥೆಯ ಸಹಾಯಕ ಮಹಾಕಾರ್ಯದರ್ಶಿಯೂ ಆದರು. ತತ್ವಶಾಸ್ತ್ರದ ತರಗತಿಯಿಂದ ನ್ಯೂಯಾರ್ಕಿನ ಕಚೇರಿಗೆ ಇಷ್ಟು ನೇರವಾದ ದಾರಿ ಇದೆ. ಪ್ರಜಾಪ್ರಭುತ್ವವೇ ಶಾಂತಿಗೆ ಮದ್ದು ಎಂದಾದರೆ ಕದನ ವಿರಾಮದ ಗೆರೆ ಕಾಯುವುದು ಸಾಲದು. ಚುನಾವಣೆ ನಡೆಸಬೇಕು, ಪೊಲೀಸರಿಗೆ ತರಬೇತಿ ಕೊಡಬೇಕು, ಸಂವಿಧಾನ ಬರೆಸಬೇಕು. 1992ರಲ್ಲಿ ಮಹಾಕಾರ್ಯದರ್ಶಿ ಬೂತ್ರೋಸ್ ಘಾಲಿ ಈ ದಿಕ್ಕಿನಲ್ಲೇ ಕಾರ್ಯಸೂಚಿ ಮಂಡಿಸಿದರು.

ಕಾಂಬೋಡಿಯಾ ಇದರ ದೊಡ್ಡ ಪ್ರಯೋಗ. ಸುಮಾರು 22,000 ಮಂದಿಯ ಪಡೆ, 1993ರ ಮೇ ತಿಂಗಳಲ್ಲಿ ಚುನಾವಣೆ. ಖ್ಮೇರ್ ರೂಜ್ ಬಂಡುಕೋರರ ಬೆದರಿಕೆಯ ನಡುವೆಯೂ ನೋಂದಾಯಿತ ಮತದಾರರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನ ಮತ ಹಾಕಿದರು. 120 ಸ್ಥಾನಗಳಲ್ಲಿ ರಾಜವಂಶದ ಪಕ್ಷ 58 ಗೆದ್ದಿತು, ಆಗ ಅಧಿಕಾರದಲ್ಲಿದ್ದ ಹುನ್ ಸೇನ್ ಪಕ್ಷ 51. ಸೋತ ಹುನ್ ಸೇನ್ ಕುರ್ಚಿ ಬಿಡಲಿಲ್ಲ. ಸೈನ್ಯ, ಪೊಲೀಸು, ಹಳ್ಳಿಹಳ್ಳಿಯ ಅಧಿಕಾರಿಗಳು ಎಲ್ಲರೂ ಅವರ ಕಡೆಯವರೇ. ಕೊನೆಗೆ ಒಂದೇ ದೇಶಕ್ಕೆ ಇಬ್ಬರು ಪ್ರಧಾನಿಗಳು ಎಂಬ ವಿಚಿತ್ರ ರಾಜಿಯಾಯಿತು, ಪಡೆ ಮನೆಗೆ ಹೋಯಿತು. 1997ರಲ್ಲಿ ಹುನ್ ಸೇನ್ ಬಲದಿಂದ ಇನ್ನೊಬ್ಬರನ್ನು ಹೊರಹಾಕಿ, 2023ರಲ್ಲಿ ಮಗನಿಗೆ ಪಟ್ಟ ಕಟ್ಟುವವರೆಗೆ ಆಳಿದರು. ಕೆನಡಾದ ವಿದ್ವಾಂಸ ರೋಲಂಡ್ ಪ್ಯಾರಿಸ್ 2004ರಲ್ಲಿ ಇಂಥ ಹಲವು ಕಾರ್ಯಾಚರಣೆಗಳನ್ನು ಹೋಲಿಸಿ ಒಂದು ಮಾತು ಹೇಳಿದರು: ಮೊದಲು ನ್ಯಾಯಾಲಯ, ಪೊಲೀಸು, ಆಡಳಿತ ಗಟ್ಟಿಯಾಗಲಿ, ಮುಕ್ತ ಚುನಾವಣೆ ಮತ್ತು ಮುಕ್ತ ಮಾರುಕಟ್ಟೆ ಆಮೇಲೆ ಬರಲಿ. ಬುದ್ಧಿವಂತಿಕೆಯ ಸಲಹೆಯೇ. ಆದರೆ ಅಲ್ಲಿಯವರೆಗೆ ಆಳುವವರು ಯಾರು? ಹೊರಗಿನವರು ಎಂದಾದರೆ ಮಿಲ್‌ನ ಬಾಲಂಗೋಚಿ ಹಿಂಬಾಗಿಲಿನಿಂದ ಒಳಬಂದಂತೆಯೇ.

ಅತ್ತ ಮೊದಲನೆಯ ಮಾತನ್ನೇ, ಒಪ್ಪಿಗೆಯ ಮಾತನ್ನೇ, ಹಿಡಿದು ಕುಳಿತದ್ದರ ಫಲ ರುವಾಂಡಾ. 1994ರ ಏಪ್ರಿಲ್‌ನಲ್ಲಿ ನರಮೇಧ ಆರಂಭವಾದಾಗ ಅಲ್ಲಿ ಶಾಂತಿಪಾಲನಾ ಪಡೆ ಇತ್ತು. ಅದಕ್ಕೆ ಬಲ ತುಂಬುವ ಬದಲು ಭದ್ರತಾ ಮಂಡಳಿ ಏಪ್ರಿಲ್ 21ರಂದು ಅದನ್ನು 270 ಮಂದಿಗೆ ಇಳಿಸಲು ತೀರ್ಮಾನಿಸಿತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರ ಕೊಲೆಯಾಯಿತು. ಕೊಲೆ ಮಾಡಿಸುತ್ತಿದ್ದ ಸರಕಾರದ ಪ್ರತಿನಿಧಿಯೂ ಆ ವರ್ಷ ಮಂಡಳಿಯ ತಾತ್ಕಾಲಿಕ ಸದಸ್ಯರಾಗಿ ಅದೇ ಮೇಜಿನ ಸುತ್ತ ಕುಳಿತಿದ್ದರು. ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿಕಾ, ವಿಶ್ವಸಂಸ್ಥೆಯೇ ಸುರಕ್ಷಿತವೆಂದು ಘೋಷಿಸಿದ್ದ ಊರು. ಡಚ್ ಶಾಂತಿಪಾಲಕರ ಕಣ್ಣೆದುರಿಗೆ ಸರ್ಬ್ ಸೈನಿಕರು ಗಂಡಸರನ್ನೂ ಹುಡುಗರನ್ನೂ ಬೇರ್ಪಡಿಸಿ ಕರೆದೊಯ್ದು 8,000ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಕೊಲೆಗಾರ ಮತ್ತು ಕೊಲೆಯಾಗುವವನ ನಡುವೆ ಪಕ್ಷ ವಹಿಸುವುದಿಲ್ಲ ಎನ್ನುವುದು ನಿಷ್ಪಕ್ಷಪಾತವಲ್ಲ ಎಂದು 2000ದಲ್ಲಿ ಲಖ್ದರ್ ಬ್ರಾಹಿಮಿ ನೇತೃತ್ವದ ವಿಶ್ವಸಂಸ್ಥೆಯ ಸಮಿತಿ ಒಪ್ಪಿಕೊಂಡಿತು. ಅಂದಿನಿಂದ ಜನರ ರಕ್ಷಣೆ ಬಹುತೇಕ ಎಲ್ಲ ದೊಡ್ಡ ಪಡೆಗಳ ಆದೇಶದಲ್ಲೂ ಸೇರಿದೆ.

ಕಾಂಗೋದಲ್ಲಿ ಎರಡು ದಶಕಗಳಿಂದ ಇರುವ ಈಗಿನ ಪಡೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಹೊಸದುರ್ಗ ಕಡೆಯ ಹವಾಲ್ದಾರರೊಬ್ಬರು, ನಮ್ಮ ವಿದ್ಯಾರ್ಥಿನಿಯೊಬ್ಬಳ ಸೋದರಮಾವ, ಒಮ್ಮೆ ತರಗತಿಗೆ ಬಂದಿದ್ದರು. ಯಾವಾಗ ಗುಂಡು ಹಾರಿಸಬಹುದು ಎಂಬ ನಿಯಮಗಳ ಪುಟ್ಟ ಕಾರ್ಡೊಂದು ಅಲ್ಲಿ ಪ್ರತಿ ಸೈನಿಕನ ಜೇಬಿನಲ್ಲೂ ಇರುತ್ತದೆಯಂತೆ. ಮೊದಲು ಕೂಗಿ ಎಚ್ಚರಿಸಬೇಕು, ಸಮಯವಿದ್ದರೆ ಗಾಳಿಯಲ್ಲಿ ಗುಂಡು, ಆಮೇಲೆ ಗುರಿ. "ಎದುರಿಗಿದ್ದವನ ಜೇಬಿನಲ್ಲಿ ಇಂಥ ಕಾರ್ಡು ಇರುವುದಿಲ್ಲವಲ್ಲ, ಮೇಷ್ಟ್ರೇ" ಎಂದು ನಕ್ಕರು. ಕಾಂಟ್ ಮತ್ತು ಲಾಕ್ ಇಬ್ಬರೂ ಆ ಕಾರ್ಡಿನಲ್ಲಿ ಮಡಚಿ ಕುಳಿತಿದ್ದಾರೆ ಎಂದು ಮಕ್ಕಳಿಗೆ ಹೇಳಿದೆ. ಅವರಿಗೆ ಹವಾಲ್ದಾರರ ಮಾತೇ ಹೆಚ್ಚು ರುಚಿಸಿತು.

2005ರ ವಿಶ್ವ ಶೃಂಗಸಭೆಯಲ್ಲಿ ದೇಶಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ಜನರನ್ನು ನರಮೇಧದಿಂದ ರಕ್ಷಿಸುವುದು ಪ್ರತಿ ಸರಕಾರದ ಹೊಣೆ, ಅದು ತಪ್ಪಿದರೆ ಜಗತ್ತು ಭದ್ರತಾ ಮಂಡಳಿಯ ಮೂಲಕ ಮಧ್ಯ ಪ್ರವೇಶಿಸಬಹುದು ಎಂದು ಒಪ್ಪಿದವು. ಇದು ಶುದ್ಧ ಲಾಕ್: ರಕ್ಷಿಸದ ಸರಕಾರ ತನ್ನ ಹಕ್ಕು ಕಳೆದುಕೊಳ್ಳುತ್ತದೆ. 2011ರ ಮಾರ್ಚಿಯಲ್ಲಿ ಲಿಬಿಯಾದ ಜನರ ರಕ್ಷಣೆಗೆಂದು ಮಂಡಳಿ ಅನುಮತಿ ಕೊಟ್ಟಿತು. ಭಾರತ ಮತ ಹಾಕದೆ ಹೊರಗುಳಿಯಿತು. ನ್ಯಾಟೊ ವಿಮಾನಗಳ ದಾಳಿ ಗಡಾಫಿ ಆಡಳಿತ ಬೀಳುವವರೆಗೂ ನಿಲ್ಲಲಿಲ್ಲ. ದೇಶ ಛಿದ್ರವಾಯಿತು, ಆ ತತ್ವದ ಮೇಲಿದ್ದ ನಂಬಿಕೆಯೂ ಅದರೊಂದಿಗೇ ಹೋಯಿತು. ನನ್ನ ಒಲವು ಒಪ್ಪಿಗೆಯ ಕಡೆಗೇ. ರುವಾಂಡಾ ಎಂದಾಗ ಮಾತ್ರ ಆ ಒಲವಿಗೆ ಉತ್ತರ ಸಿಗುವುದಿಲ್ಲ.

ಕಾನೂನಿನ ಆಳ್ವಿಕೆ ಉದಾರವಾದದ ಬೆನ್ನೆಲುಬು. ಅದನ್ನು ಎಲ್ಲರಿಗೂ ಕಲಿಸಲು ಹೊರಟ ಸಂಸ್ಥೆಯ ವಿಷಯದಲ್ಲಿ ದೀಪದ ಬುಡದಲ್ಲೇ ಕತ್ತಲೆ. 2010ರ ಅಕ್ಟೋಬರಿನಲ್ಲಿ ಹೈಟಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಶಾಂತಿಪಾಲಕರ ಶಿಬಿರದ ಮಲಿನ ನೀರು ಆರ್ಟಿಬೊನೈಟ್ ನದಿಗೆ ಸೇರುವ ಹೊಳೆಗೆ ಹರಿದದ್ದೇ ಮೂಲ. ಸುಮಾರು ಹತ್ತು ಸಾವಿರ ಜನ ಸತ್ತರು. ಪರಿಹಾರ ಕೇಳಿದವರಿಗೆ 2013ರಲ್ಲಿ ನಿಮ್ಮ ಅರ್ಜಿ ಸ್ವೀಕರಿಸಲಾಗದು ಎಂಬ ಉತ್ತರ ಬಂತು. ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದರೆ, 1946ರ ಒಡಂಬಡಿಕೆಯಂತೆ ವಿಶ್ವಸಂಸ್ಥೆಯ ಮೇಲೆ ದಾವೆ ಹೂಡುವಂತಿಲ್ಲ ಎಂದಿತು. ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ, ಅಧಿಕಾರದಿಂದ ಇಳಿಯುವ ತಿಂಗಳು.

ಇಷ್ಟೆಲ್ಲ ಬೈದ ಮೇಲೂ ಒಂದನ್ನು ಹೇಳಬೇಕು. ಅಂತರ್ಯುದ್ಧ ನಿಂತ ದೇಶಗಳನ್ನು ಹೋಲಿಸಿ ನೋಡಿದ ಹಲವು ಅಧ್ಯಯನಗಳು, ಶಾಂತಿಪಾಲಕರು ಇದ್ದ ಕಡೆ ಯುದ್ಧ ಮರುಕಳಿಸುವ ಸಂಭವ ಗಣನೀಯವಾಗಿ ಕಡಿಮೆ ಎಂದು ತೋರಿಸಿವೆ. ಖರ್ಚೂ ಹೇಳಿಕೊಳ್ಳುವಂಥದ್ದಲ್ಲ, 2024-25ರ ಸಾಲಿಗೆ ಎಲ್ಲ ಪಡೆಗಳಿಗೂ ಸೇರಿ ಸುಮಾರು 560 ಕೋಟಿ ಡಾಲರ್.

ಈಗ ಕಾಂಟ್‌ನ ಆ ವಾದಕ್ಕೆ ಬರೋಣ: ನೋವು ಉಣ್ಣುವವರು ತೀರ್ಮಾನಿಸಬೇಕು. ಪಡೆ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದು ಬರೆಯುವುದು ಹದಿನೈದು ದೇಶಗಳ ಮಂಡಳಿ, ಅದರಲ್ಲೂ ವಿಟೋ ಇರುವ ಐದು. ಹಣದ ಹೆಚ್ಚಿನ ಪಾಲು ಕೊಡುವವರು ಅಮೆರಿಕ, ಚೀನಾ ಮತ್ತು ಶ್ರೀಮಂತ ದೇಶಗಳು. ಸೈನಿಕರು ಹೋಗುವುದು ನೇಪಾಳ, ರುವಾಂಡಾ, ಬಾಂಗ್ಲಾದೇಶ, ಭಾರತದಿಂದ. 2022ರ ದರದಂತೆ ಒಬ್ಬ ಸೈನಿಕನಿಗೆ ತಿಂಗಳಿಗೆ 1,400 ಡಾಲರ್‌ಗೆ ತುಸು ಹೆಚ್ಚು ಮೊತ್ತ ಅವನ ಸರಕಾರಕ್ಕೆ ಸಂದಾಯವಾಗುತ್ತಿತ್ತು. 1948ರಿಂದ ಸತ್ತ 4,000ಕ್ಕೂ ಹೆಚ್ಚು ಶಾಂತಿಪಾಲಕರಲ್ಲಿ ಅತಿ ದೊಡ್ಡ ಪಾಲು ಭಾರತೀಯರದು, 170ಕ್ಕೂ ಹೆಚ್ಚು. ತೀರ್ಮಾನ ಒಬ್ಬರದು, ದುಡ್ಡು ಇನ್ನೊಬ್ಬರದು, ಜೀವ ಮತ್ತೊಬ್ಬರದು. ಕಾಂಟ್ ಯಾವ ದೊರೆಯನ್ನು ಕುಟುಕಿದ್ದನೋ ಅವನ ಜಾಗದಲ್ಲಿ ಈಗ ಒಂದು ಮಂಡಳಿ ಕುಳಿತಿದೆ.

ಸನ್ನದು ಬರೆದವರಿಗೆ ಇದು ಹೊಳೆದಿರಲಿಲ್ಲ ಎನ್ನುವಂತಿಲ್ಲ. 44ನೆಯ ವಿಧಿ ಇದೆ: ಮಂಡಳಿಯ ಸದಸ್ಯವಲ್ಲದ ದೇಶದಿಂದ ಸೈನ್ಯ ಕೇಳುವ ಮೊದಲು, ಆ ಸೈನ್ಯವನ್ನು ಬಳಸುವ ತೀರ್ಮಾನದಲ್ಲಿ ಭಾಗವಹಿಸಲು ಅದನ್ನು ಆಹ್ವಾನಿಸಬೇಕು. ಆದರೆ ಅದು 43ನೆಯ ವಿಧಿಯ ಒಪ್ಪಂದಗಳಿಗೆ ಅಂಟಿಕೊಂಡಿದೆ, ಆ ಒಪ್ಪಂದಗಳು ಇಲ್ಲ. ಭಾರತದ ಪ್ರತಿನಿಧಿಗಳು ಈ ವಿಧಿಯನ್ನು ಮಂಡಳಿಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಎತ್ತಿದ್ದಾರೆ. 2001ರ 1353ನೆಯ ನಿರ್ಣಯದಂತೆ ಸೈನ್ಯ ಕಳುಹಿಸುವ ದೇಶಗಳೊಂದಿಗೆ ಸಮಾಲೋಚನಾ ಸಭೆಗಳು ನಡೆಯುತ್ತವೆ. ಅವು ನಡೆಯುವುದು ಸಾಮಾನ್ಯವಾಗಿ ಪಡೆಯ ಅವಧಿ ಮುಗಿಯುವ ಕೆಲವೇ ದಿನಗಳ ಮುಂಚೆ, ಹೊಸ ಆದೇಶದ ಕರಡು ಆಗಲೇ ಸಿದ್ಧವಾಗಿರುವಾಗ.